ನೀನು ಹುಟ್ಟಿದ ತಾರೀಖು ಯಾವುದಪ್ಪಾ?



ನಮ್ಮ ಬೂದಿಕೋಟೆಯ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಬರುವುದು ಮುಖ್ಯವಾಗಿ ಒಬ್ಬನಿಂದ. ಹೈದರ್ ಅಲಿ ಹುಟ್ಟಿದ್ದು ಇಲ್ಲಿಯೇ ಎಂಬುದನ್ನು ನೀವೆಲ್ಲ ಬಲ್ಲಿರಿ. ಅವನು ತೀರಿಕೊಂಡ ದಿನ 1782ನೆಯ ಇಸವಿ ಡಿಸೆಂಬರ್ 7. ಇದನ್ನು ಶಾಲೆಯ ಹುಡುಗರೂ ಹೇಳಿಯಾರು. ಹಾಗಾದರೆ ಹುಟ್ಟಿದ್ದು ಯಾವಾಗ? ಒಂದು ಪುಸ್ತಕ 1720 ಎನ್ನುತ್ತದೆ, ಇನ್ನೊಂದು 1721 ಎನ್ನುತ್ತದೆ, ಮತ್ತೊಂದು 1722. ಇನ್ನೂ ಹಿಂದಕ್ಕೆ ಹೋಗಿ 1717 ಎಂದವರೂ ಉಂಟು. ಅವನ ತಂದೆ ಫತೇ ಮಹಮ್ಮದ್ ಶಿರಾದವರ ಕೈಕೆಳಗೆ ಅಧಿಕಾರದಲ್ಲಿದ್ದವನು. ಅಂಥವನ ಮನೆಯಲ್ಲಿ ಹುಟ್ಟಿದ ಮಗುವಿಗೇ ಈ ಗತಿಯಾದ ಮೇಲೆ, ಹೊಲದ ಬದುವಿನ ಮೇಲೆ ತೊಟ್ಟಿಲು ಕಟ್ಟಿದ ನಮ್ಮ ನಿಮ್ಮ ತಾಯಂದಿರು ತಾರೀಖು ಬರೆದಿಟ್ಟುಕೊಳ್ಳಲಿಲ್ಲ ಎಂದರೆ ಆಶ್ಚರ್ಯವೇನು?

ಹೈದರನಿಗೆ ತಾರೀಖು ಬೇಕಾಗಲಿಲ್ಲ. ಅವನು ಪಿ.ಎಫ್. ಕೇಳಲಿಲ್ಲ, ಪಾಸ್‌ಪೋರ್ಟು ಕೇಳಲಿಲ್ಲ. ನಮಗೆ ಬೇಕು.

ನಿಮ್ಮ ಊರಿನಲ್ಲಿ ನಡುವಯಸ್ಸಿನ ಹತ್ತು ಜನರನ್ನು ಹುಟ್ಟಿದ ದಿನ ಕೇಳಿ ನೋಡಿ. ಅದರಲ್ಲಿ ಮೂರೋ ನಾಲ್ಕೋ ಮಂದಿ "ಜೂನ್ ಒಂದು" ಎಂದರೆ ನಗಬೇಡಿ. ಆ ದಿನ ಊರಿನಲ್ಲಿ ಮಕ್ಕಳ ಸುಗ್ಗಿಯೇನೂ ಆಗಿರಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುತ್ತಿತ್ತು. ಅಪ್ಪ ಮಗನ ಕೈ ಹಿಡಿದು ತಂದು ನಿಲ್ಲಿಸುತ್ತಿದ್ದ. "ಬಲಗೈ ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟೋ" ಎನ್ನುತ್ತಿದ್ದರು ಮೇಷ್ಟ್ರು. ಮುಟ್ಟಿತೋ, ಆರು ವರ್ಷ ಆಯಿತು ಎಂದು ಲೆಕ್ಕ. ಆರು ಕಳೆದು, ಜೂನ್ ಒಂದು ಎಂದು ಬರೆದುಬಿಟ್ಟರೆ ಅಲ್ಲಿಗೆ ಆ ಹುಡುಗನ ಜಾತಕವೇ ಮುಗಿಯಿತು. ಮೇಷ್ಟ್ರನ್ನು ದೂರಿ ಫಲವಿಲ್ಲ, ಅವರು ಖಾಲಿ ಕಾಲಂ ತುಂಬಲೇಬೇಕಿತ್ತು. ಶಾಲೆಯ ಮುಖವನ್ನೇ ನೋಡದೆ ದನದ ಹಿಂದೆ ಹೋದವರಿಗಂತೂ ಈ ಜೂನ್ ಒಂದೂ ದಕ್ಕಲಿಲ್ಲ.

ಕಾನೂನು ಇರಲಿಲ್ಲವೇ ಎಂದರೆ ಇತ್ತು. ಹಿಂದೆ ಹುಟ್ಟುಸಾವುಗಳ ಸುದ್ದಿಯನ್ನು ಪಟೇಲರು ಬರೆದಿಡಬೇಕಾಗಿತ್ತು, ತೋಟಿ ತಳವಾರರು ಬಂದು ಹೇಳುತ್ತಿದ್ದರು. ಆ ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳು 1961ರ ಕಾಯಿದೆಯಿಂದ ರದ್ದಾಗಿ, 1963ನೆಯ ಇಸವಿಯಲ್ಲಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಅನಂತರ ಇಡೀ ದೇಶಕ್ಕೆ ಒಂದೇ ಆಗಿ 1969ರಲ್ಲಿ ಜನನ ಮರಣ ನೋಂದಣಿ ಕಾಯಿದೆ ಆಯಿತು. ನಮ್ಮ ರಾಜ್ಯದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂದರೆ ಈಗ ದುಡಿಯುವ ವಯಸ್ಸಿನಲ್ಲಿರುವ ಹೆಚ್ಚುಕಡಮೆ ಎಲ್ಲರೂ ಈ ಕಾಯಿದೆ ಬಂದ ಮೇಲೆ ಹುಟ್ಟಿದವರೇ. ಮನೆಯಲ್ಲಿ ಹೆರಿಗೆಯಾದರೆ ಮನೆಯ ಯಜಮಾನ ಹೋಗಿ ತಿಳಿಸತಕ್ಕದ್ದು, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು ತಿಳಿಸತಕ್ಕದ್ದು ಎಂದು ಕಾಯಿದೆ ಹೇಳಿತು. ಯಜಮಾನ ರಾಗಿ ಕಳೆ ಬಿಟ್ಟು ಹೋಗಲಿಲ್ಲ. ಲೆಕ್ಕಿಗರಿಗೆ ಏಳೆಂಟು ಹಳ್ಳಿ. ಮಗು ಬದುಕಿ ಉಳಿದರೆ ಸಾಕೆಂಬ ಕಾಲ ಅದು, ಬರೆಸುವ ಯೋಚನೆ ಯಾರಿಗಿತ್ತು?

ಈಗ ನೀವು ಕೇಳಬಹುದು. "ಸ್ವಾಮಿ, ನಲವತ್ತು ವರ್ಷ ಈ ಕಾಗದ ಇಲ್ಲದೆ ಬದುಕಿದ್ದೀನಿ. ಮದುವೆ ಆಯ್ತು, ಮಕ್ಕಳಾದ್ವು, ಆಧಾರ್ ಐತೆ, ಓಟು ಹಾಕ್ತೀನಿ. ಈಗ್ಯಾಕೆ ಈ ತಾಪತ್ರಯ?"

ನ್ಯಾಯವಾದ ಪ್ರಶ್ನೆ. ಮೊದಲು ಹೆದರಿಕೆ ಬಿಡಿಸೋಣ. 2023ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಶಾಲೆಗೆ ಸೇರಲು, ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಪಾಸ್‌ಪೋರ್ಟಿಗೆ, ಸರ್ಕಾರಿ ಕೆಲಸಕ್ಕೆ ಹುಟ್ಟಿದ ದಿನ ತೋರಿಸಲು ಜನನ ಪ್ರಮಾಣಪತ್ರ ಒಂದೇ ಆಧಾರ ಎಂದು ಆಗಿದೆ. ಈ ಮಾತನ್ನು ಅರ್ಧ ಕೇಳಿಕೊಂಡು, ಸರ್ಟಿಫಿಕೇಟು ಇಲ್ಲದವರ ರೇಷನ್ನು ನಿಂತುಹೋಗುತ್ತದೆ ಎಂದು ಹಬ್ಬಿಸುವವರುಂಟು. ಅದು ಸುಳ್ಳು. ಆ ನಿಯಮ 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಮಾತ್ರ. ಅದಕ್ಕೆ ಮೊದಲು ಹುಟ್ಟಿದ ನೀವು ಪಾಸ್‌ಪೋರ್ಟಿಗೆ ಶಾಲೆಯ ಟಿ.ಸಿ.ಯನ್ನೋ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನೋ ಡ್ರೈವಿಂಗ್ ಲೈಸೆನ್ಸನ್ನೋ ತೋರಿಸಬಹುದು. ಈ ಕಾಗದಗಳಲ್ಲೆಲ್ಲ ಒಂದೇ ತಾರೀಖು ಇದ್ದು, ಅದೂ ನಿಜವಾದ ತಾರೀಖಾಗಿದ್ದರೆ, ನೀವು ಇವತ್ತೇ ಕಚೇರಿಗೆ ಓಡಬೇಕಾಗಿಲ್ಲ.

ಓಡಬೇಕಾದವರು ಬೇರೆ ಇದ್ದಾರೆ. ಶಾಲೆಗೆ ಹೋಗದವರು. ಆಧಾರದಲ್ಲಿ ಒಂದು, ಟಿ.ಸಿ.ಯಲ್ಲಿ ಒಂದು, ಕಾರ್ಖಾನೆಯ ಪುಸ್ತಕದಲ್ಲಿ ಇನ್ನೊಂದು ತಾರೀಖು ಇರುವವರು. ನಮ್ಮ ಸೀಮೆಯಲ್ಲಿ ಈ ಎರಡನೆಯ ಪಂಗಡ ದೊಡ್ಡದು. ಕೋಲಾರದ ಚಿನ್ನದ ಗಣಿ 2001ನೆಯ ಇಸವಿಯಲ್ಲಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆ ಕಡೆಯ ರೈಲು ತುಂಬ ಜನ ಬೆಳಗಿನ ಜಾವವೇ ಬೆಂಗಳೂರಿನ ಕೆಲಸಕ್ಕೆ ಹೋಗುವುದಾಯಿತು. ಹಳ್ಳಿಯ ಹೈಕಳೂ ಅದೇ ರೈಲು ಹತ್ತಿದರು. ಕಂಪನಿಯ ಗೇಟಿನಲ್ಲಿ ಕಂಟ್ರಾಕ್ಟರು "ವಯಸ್ಸೆಷ್ಟೋ?" ಎಂದ, "ಇಪ್ಪತ್ತೆರಡು ಸಾರ್" ಎಂದರು, ಅವನೇ ಒಂದು ತಾರೀಖು ಬರೆದುಕೊಂಡ. ಆ ತಾರೀಖು ಪಿ.ಎಫ್. ಖಾತೆಗೆ ಹೋಗಿ ಕೂತಿತು. ಮುಂದೆ ಆಧಾರ್ ಬಂದಾಗ ಅಲ್ಲಿ ಕೂತಿದ್ದ ಹುಡುಗ ಇನ್ನೊಂದು ಬರೆದ. ಇವೆರಡೂ ಹೊಂದದಿರುವುದು ತಿಳಿಯುವುದು ಹಣ ತೆಗೆಯಲು ಹೋದ ದಿನ, ಇಲ್ಲವೇ 58 ತುಂಬಿ ಪಿಂಚಣಿ ಕೇಳಿದ ದಿನ.

ಆಗ "ಆಧಾರ್ ಐತಲ್ಲ ಸಾರ್" ಎಂದರೆ ಸಾಲದು. ಈಗಿನ ಆಧಾರ್ ಕಾರ್ಡಿನ ಮೇಲೆಯೇ ಅಚ್ಚಾಗಿದೆ, ಇದು ಗುರುತಿನ ಪುರಾವೆ, ಹುಟ್ಟಿದ ದಿನದ ಪುರಾವೆ ಅಲ್ಲ ಎಂದು. 2024ರ ಜನವರಿಯಲ್ಲಿ ಭವಿಷ್ಯನಿಧಿ ಸಂಸ್ಥೆಯೂ ಜನ್ಮದಿನದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿತು. ಆಧಾರದಲ್ಲಿಯೇ ಜನ್ಮದಿನ ತಪ್ಪಾಗಿದ್ದರೆ ಅದನ್ನು ಸಾಮಾನ್ಯವಾಗಿ ಒಂದೇ ಸಲ ತಿದ್ದಿಸಲು ಅವಕಾಶ, ಅದಕ್ಕೂ ಗಟ್ಟಿ ಕಾಗದ ಬೇಕು.

ವಯಸ್ಸಿನ ಒಂದೆರಡು ವರ್ಷಕ್ಕೆ ಬೆಲೆ ಎಷ್ಟು ಎಂಬುದಕ್ಕೆ ಒಂದು ಮೊಕದ್ದಮೆಯ ಸಂಗತಿ ಕೇಳಿ. ಇದು ಉತ್ತರದ ಹರಿಯಾಣ ಕಡೆಯದು. 2015ರಲ್ಲಿ ಒಬ್ಬ ಮನುಷ್ಯ ರಸ್ತೆ ಅಪಘಾತದಲ್ಲಿ ಸತ್ತ. ಶಾಲೆ ಬಿಟ್ಟ ಸರ್ಟಿಫಿಕೇಟಿನ ಪ್ರಕಾರ ಅವನಿಗೆ 45, ಆಧಾರದ ಪ್ರಕಾರ 47. ಇಂಥ ಪರಿಹಾರ ಕಟ್ಟುವಾಗ ಸತ್ತವನಿಂದ ಸಂಸಾರಕ್ಕೆ ವರ್ಷಕ್ಕೆ ಬರುತ್ತಿದ್ದ ಹಣವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 41ರಿಂದ 45ರ ವರೆಗೆ ಆ ಸಂಖ್ಯೆ 14, 46ರಿಂದ 50ರ ವರೆಗೆ 13. ಹೈಕೋರ್ಟು ಆಧಾರ್ ನೋಡಿ 13 ಎಂದಿತು. ಮನೆಯವರು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2024ರ ಅಕ್ಟೋಬರ್ 24ರಂದು ಆ ನ್ಯಾಯಾಲಯ, ಆಧಾರ್ ಹುಟ್ಟಿದ ದಿನಕ್ಕೆ ಪುರಾವೆಯಲ್ಲ, ಶಾಲೆಯ ಸರ್ಟಿಫಿಕೇಟನ್ನೇ ಹಿಡಿಯಬೇಕು ಎಂದು 14 ಮಾಡಿಕೊಟ್ಟಿತು. ನೀವೇ ಲೆಕ್ಕ ಹಾಕಿ. ಗಂಡ ಮನೆಗೆ ವರ್ಷಕ್ಕೆ 1,20,000 ರೂಪಾಯಿ ತರುತ್ತಿದ್ದ ಎಂದರೆ, ಆ ಒಂದು ಅಂಕಿಯ ವ್ಯತ್ಯಾಸ ಹೆಂಡತಿ ಮಕ್ಕಳಿಗೆ 1,20,000 ರೂಪಾಯಿ. ಸತ್ತವನ ಹತ್ತಿರ ಶಾಲೆಯ ಕಾಗದವಾದರೂ ಇತ್ತು. ಅದೂ ಇಲ್ಲದವನ ಸಂಸಾರದ ಗತಿ?

ಕಟ್ಟಡದ ಕೆಲಸಕ್ಕೆ ಹೋಗುವವರು ಮಂಡಳಿಯಲ್ಲಿ ಹೆಸರು ಬರೆಸಲು ವಯಸ್ಸು 18ರಿಂದ 60ರ ಒಳಗಿರಬೇಕು. ಅಟಲ್ ಪಿಂಚಣಿಗೆ ಸೇರಲು 40ರೊಳಗೆ. ವೃದ್ಧಾಪ್ಯ ವೇತನಕ್ಕೆ 60 ತುಂಬಿರಬೇಕು. ಎಲ್ಲ ಬಾಗಿಲಲ್ಲೂ ವಯಸ್ಸೇ ಕಾವಲುಗಾರ.

ಇರಲಿ, ಈಗ ಮಾಡುವ ಕೆಲಸಕ್ಕೆ ಬರೋಣ.

ಬಹಳ ಜನ ಮೊದಲನೆಯ ಹೆಜ್ಜೆಯನ್ನೇ ಬಿಟ್ಟು ನೇರ ವಕೀಲರ ಹತ್ತಿರ, ಇಲ್ಲವೇ ಕಚೇರಿಯ ಹೊರಗೆ ಹೊಂಗೆ ಮರದ ಕೆಳಗೆ ಕೂತ ಬ್ರೋಕರ ಹತ್ತಿರ ಹೋಗುತ್ತಾರೆ. ನಿಮ್ಮ ಹುಟ್ಟು ಈಗಾಗಲೇ ಬರೆದಿರಬಹುದು! ನಿಮ್ಮಪ್ಪ ಬರೆಸದಿದ್ದರೂ ತಾತ ಬರೆಸಿರಬಹುದು, ಗ್ರಾಮಲೆಕ್ಕಿಗರೇ ಮನೆಮನೆಗೆ ಬಂದಾಗ ಬರೆದುಕೊಂಡಿರಬಹುದು. ಬರೆಸಿದ್ದೂ ಸರ್ಟಿಫಿಕೇಟು ತರದೆ ಬಿಟ್ಟವರು ಎಷ್ಟೋ ಮಂದಿ. ಆದುದರಿಂದ ಮೊದಲು ರಿಜಿಸ್ಟರು ಹುಡುಕಿಸಿ. ಬೂದಿಕೋಟೆ ಹೋಬಳಿಯ ಹಳ್ಳಿಯಲ್ಲಿ ಹುಟ್ಟಿದವರು ತಮ್ಮ ವೃತ್ತದ ಗ್ರಾಮ ಆಡಳಿತಾಧಿಕಾರಿಯನ್ನು, ಅಂದರೆ ನಾವು ಮೊದಲು ಗ್ರಾಮಲೆಕ್ಕಿಗರು ಎನ್ನುತ್ತಿದ್ದವರನ್ನು, ಕಂಡು ವಿಚಾರಿಸುವುದು. ಹಳೆಯ ಪುಸ್ತಕಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರಬಹುದು, ಅದಕ್ಕೆ ಬಂಗಾರಪೇಟೆಗೆ ಹೋಗಬೇಕು. ಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಹಳ್ಳಿಯ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ, ಆ ಪಟ್ಟಣದ ಪುರಸಭೆ ಅಥವಾ ನಗರಸಭೆಯ ಪುಸ್ತಕ ನೋಡಿಸಬೇಕು. ಗಣಿಯ ಆಸ್ಪತ್ರೆಯಲ್ಲಿ, ಗಣಿಯ ಲೈನುಗಳಲ್ಲಿ ಹುಟ್ಟಿದವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಲ್ಲಿ ಹಿಂದೆ ಸ್ಯಾನಿಟರಿ ಬೋರ್ಡಿನ ಆಡಳಿತವಿತ್ತು, ಈಗ ವಿಚಾರಿಸಬೇಕಾದ ಜಾಗ ರಾಬರ್ಟ್‌ಸನ್‌ಪೇಟೆ ನಗರಸಭೆ.

ಹುಡುಕಿಸುವಾಗ ಒಂದೇ ವರ್ಷ ಹೇಳಿ ಸುಮ್ಮನಾಗಬೇಡಿ. ಹಿಂದೆ ಎರಡು, ಮುಂದೆ ಎರಡು ವರ್ಷ ನೋಡಿಸಿ. ನಿಮ್ಮ ಹೆಸರನ್ನು ಮಾತ್ರ ಹುಡುಕಿದರೂ ಸಿಕ್ಕದು. ನಾಮಕರಣಕ್ಕೆ ಮುಂಚೆ ಬರೆಸಿದ್ದರೆ "ಹೆಣ್ಣು ಮಗು" ಎಂದಷ್ಟೇ ಇರುತ್ತದೆ. ತಂದೆಯ ಹೆಸರು, ತಾಯಿಯ ಹೆಸರು, ಊರು, ಇವನ್ನು ಹಿಡಿದು ನೋಡಬೇಕು. ತಾಯಿಯ ಹೆಸರು ತವರಲ್ಲಿ ಮುನಿಯಮ್ಮ, ಗಂಡನ ಮನೆಯಲ್ಲಿ ಲಕ್ಷ್ಮಮ್ಮ ಎಂದಿರುವುದು ನಮ್ಮಲ್ಲಿ ಹೊಸದಲ್ಲ. ಊರಿನ ಹೆಸರಿನದೂ ಹೀಗೆಯೇ. ಹಳೆಯ ಕಾಗದದಲ್ಲಿ ಬೌರಿಂಗ್‌ಪೇಟೆ ಎಂದಿದ್ದರೆ ಅದು ನಮ್ಮ ಬಂಗಾರಪೇಟೆಯೇ. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರಿಗೆ ಮುಂಚಿನದು ಎಂದು ತಿಳಿಯುವುದು. ಕೆ.ಜಿ.ಎಫ್. ಈಚೆಗೆ ಬೇರೆ ತಾಲ್ಲೂಕು ಆಯಿತು, ಅದಕ್ಕೆ ಮುಂಚಿನ ಕಾಗದಗಳಲ್ಲಿ ಬೇತಮಂಗಲದ ಕಡೆಯ ಊರುಗಳೂ ಬಂಗಾರಪೇಟೆ ತಾಲ್ಲೂಕು ಎಂದೇ ಇರುತ್ತವೆ.

ಇನ್ನೊಂದು ತೊಡಕು ಬಹುಮಟ್ಟಿಗೆ ನಮ್ಮಂಥ ಗಡಿಸೀಮೆಯದು. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುತ್ತಾಳೆ. ನಮ್ಮವರ ತವರು ಎಲ್ಲಿ? ಒಬ್ಬಳದು ಕುಪ್ಪಂ ಕಡೆ, ಆಂಧ್ರ. ಇನ್ನೊಬ್ಬಳದು ವೇಪ್ಪನಹಳ್ಳಿ ಕಡೆ, ತಮಿಳುನಾಡು. ನಮಗೆ ಅದು ಎರಡು ಗಳಿಗೆಯ ದಾರಿ, ಅಲ್ಲಿಂದ ಹೆಣ್ಣು ತರುತ್ತೇವೆ, ಅಲ್ಲಿಗೆ ಕೊಡುತ್ತೇವೆ, ಸಂತೆಗೆ ಹೋಗುತ್ತೇವೆ. ಕಾನೂನಿಗೆ ಅದು ಬೇರೆ ರಾಜ್ಯ. ಹುಟ್ಟನ್ನು ಬರೆಯುವುದು ಹುಟ್ಟಿದ ಜಾಗದಲ್ಲಿ, ಬೆಳೆದ ಜಾಗದಲ್ಲಿ ಅಲ್ಲ. ಹೀಗಾಗಿ ಮನೆಗೆ ಹಿರಿಯ ಮಗನಾದವನ ಹೆಸರು ಕುಪ್ಪಂ ಕಡೆಯ ಪುಸ್ತಕದಲ್ಲಿ ತೆಲುಗಿನಲ್ಲಿದ್ದು, ತಮ್ಮಂದಿರ ಹೆಸರು ಇಲ್ಲಿ ಕನ್ನಡದಲ್ಲಿರಬಹುದು. ಅವನು ಎಷ್ಟು ವರ್ಷ ಬೂದಿಕೋಟೆಯಲ್ಲಿ ಅಲೆದರೂ ಇಲ್ಲಿ ಸಿಕ್ಕದು. ವೇಪ್ಪನಹಳ್ಳಿಯ ಕಡೆ ವಿಚಾರಿಸುವವರು ಇನ್ನೊಂದು ಗಮನದಲ್ಲಿಡಿ. ಅದು ಈಗ ಕೃಷ್ಣಗಿರಿ ಜಿಲ್ಲೆ, 2004ಕ್ಕೆ ಮುಂಚೆ ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಮೊದಲು ಮನೆಯ ಹಿರಿಯ ಹೆಂಗಸರನ್ನು "ನಾನು ಎಲ್ಲಿ ಹುಟ್ಟಿದೆನವ್ವ?" ಎಂದು ಕೇಳಿ, ಆಮೇಲೆ ಬಸ್ಸು ಹತ್ತಿ.

ಹುಡುಕಿದಾಗ ಸಿಕ್ಕಿತು ಎನ್ನಿ. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ರಸೀದಿ ಪಡೆದು ಪ್ರಮಾಣಪತ್ರ ತೆಗೆದುಕೊಳ್ಳುವುದು. ಹೆಸರಿನ ಕಾಲಂ ಖಾಲಿಯಿದ್ದರೆ ಹೆಸರು ಸೇರಿಸಲು ಬೇರೆ ಅರ್ಜಿ. ನೋಂದಣಿಯಾದ 12 ತಿಂಗಳೊಳಗೆ ಇದಕ್ಕೆ ಶುಲ್ಕವಿಲ್ಲ, ಆಮೇಲೆ ಶುಲ್ಕ ಕಟ್ಟಿ 15 ವರ್ಷದ ತನಕ ಸೇರಿಸಬಹುದು ಎಂಬುದು ನಿಯಮ. ದೊಡ್ಡವರಿಗೆ ಈ 15 ವರ್ಷ ಎಂದೋ ದಾಟಿರುತ್ತದೆ. ಸರ್ಕಾರ ಹಳೆಯ ನೋಂದಣಿಗಳಿಗೆ ಈ ಗಡುವನ್ನು ಆಗಾಗ ಸಡಿಲಿಸಿದ್ದುಂಟು, ಸಡಿಲಿಕೆ ಜಾರಿಯಲ್ಲಿದ್ದಾಗ ತಡಮಾಡದೆ ಸೇರಿಸಿಕೊಳ್ಳಿ. ಅಕ್ಷರ ತಪ್ಪಿದ್ದರೆ ರಿಜಿಸ್ಟ್ರಾರರು ಪುರಾವೆ ನೋಡಿ ತಿದ್ದುತ್ತಾರೆ. ಆದರೆ ಮೂಲ ಬರಹವನ್ನು ಅಳಿಸುವಂತಿಲ್ಲ, ಪಕ್ಕದಲ್ಲಿ ಷರಾ ಬರೆದು ಸಹಿ ಮಾಡತಕ್ಕದ್ದು. ಅಳಿಸಿ ಬರೆದುಕೊಡುತ್ತೇನೆ ಎಂದವನ ಮಾತಿಗೆ ಮರುಳಾಗಬೇಡಿ.

ಸಿಕ್ಕದಿದ್ದರೆ? ಬರಿಗೈಲಿ ಬರಬೇಡಿ. "ಈ ಹುಟ್ಟು ನಮ್ಮ ಪುಸ್ತಕದಲ್ಲಿ ಇಲ್ಲ" ಎಂಬ ಬರಹವನ್ನು, ಅಂದರೆ ಅಲಭ್ಯ ಪ್ರಮಾಣಪತ್ರವನ್ನು, ಕೇಳಿ ಪಡೆಯಿರಿ. ಅದಕ್ಕೆ ನಮೂನೆ 10 ಎಂಬ ಪ್ರತ್ಯೇಕ ನಮೂನೆಯೇ ಉಂಟು. ಇಲ್ಲ ಎನ್ನುವ ಕಾಗದಕ್ಕೆ ಯಾಕೆ ದುಡ್ಡು ಎಂದು ಕೆಲವರು ಗೊಣಗುತ್ತಾರೆ. ಮುಂದಿನ ಬಾಗಿಲು ತೆರೆಯುವುದು ಈ ಕಾಗದದಿಂದಲೇ.

ಹುಟ್ಟಿ ಒಂದು ವರ್ಷ ದಾಟಿದ ಮೇಲೆ ರಿಜಿಸ್ಟ್ರಾರರು ತಾವಾಗಿ ಬರೆಯುವಂತಿಲ್ಲ, ಮ್ಯಾಜಿಸ್ಟ್ರೇಟರ ಆಜ್ಞೆ ಬೇಕು. ಮೊದಲು ಇದು ಮೊದಲನೆಯ ದರ್ಜೆಯ ಮ್ಯಾಜಿಸ್ಟ್ರೇಟರ ಕೋರ್ಟಿನ ಕೆಲಸವಾಗಿ ಕಾಯಿದೆಯಲ್ಲಿತ್ತು. 2023ರ ತಿದ್ದುಪಡಿ ಅದನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು, ಉಪವಿಭಾಗದ ಮ್ಯಾಜಿಸ್ಟ್ರೇಟರು ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೈಗೆ ಕೊಟ್ಟಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಡಿ.ಸಿ. ಸಾಹೇಬರು, ಎ.ಸಿ. ಸಾಹೇಬರು. ಅರ್ಜಿಯನ್ನು ಎಲ್ಲಿ ಕೊಡಬೇಕೆಂದು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡು ಹೋದರೆ ಕೋಲಾರದ ಒಂದು ತಿರುಗಾಟ ಉಳಿಯುತ್ತದೆ. ಕುಪ್ಪಂ ಕಡೆ ಹುಟ್ಟಿದವನು ಆ ಊರಿನ ಮೇಲೆ ಅಧಿಕಾರವಿರುವ ಮ್ಯಾಜಿಸ್ಟ್ರೇಟರ ಹತ್ತಿರವೇ ಹೋಗಬೇಕು. ಅರ್ಜಿಯ ಮೇಲೆ ವಿಚಾರಣೆಯಾಗುತ್ತದೆ. ಹುಟ್ಟಿದ್ದು ನಿಜವೇ, ಆ ಊರಿನಲ್ಲೇ ಆದದ್ದು ನಿಜವೇ, ತಾರೀಖು ನಂಬತಕ್ಕದ್ದೇ ಎಂದು ನೋಡಿ ಆಜ್ಞೆ ಮಾಡುತ್ತಾರೆ. ಆ ಆಜ್ಞೆ ತಂದು ರಿಜಿಸ್ಟ್ರಾರರಿಗೆ ಕೊಟ್ಟು ಶುಲ್ಕ ಕಟ್ಟಿದರೆ ನೋಂದಣಿ. ನೋಂದಣಿಯಾದ ಏಳು ದಿನದೊಳಗೆ ಮೊದಲನೆಯ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಕೊಡಬೇಕೆಂದು ಕಾಯಿದೆಯಲ್ಲಿದೆ, ಕೇಳಲು ಸಂಕೋಚ ಬೇಡ.

ಆಜ್ಞೆ ಸಿಕ್ಕುವುದೂ ಸಿಕ್ಕದಿರುವುದೂ ಪುರಾವೆಯ ಮೇಲೆ ನಿಂತಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಶಾಲೆಗೆ ಒಂದು ವರ್ಷ ಹೋಗಿದ್ದರೂ ದಾಖಲಾತಿ ಪುಸ್ತಕದಲ್ಲಿ ಹೆಸರಿರುತ್ತದೆ. ಹೆಡ್‌ಮಾಸ್ಟರನ್ನು ಕೇಳಿ ಆ ಪುಟದ ನಕಲು ಪಡೆಯಿರಿ. ಆಸ್ಪತ್ರೆಯ ಚೀಟಿ, ದೇವಿ ಹಾಕಿಸಿದ ಕಾರ್ಡು, ಅಂಗನವಾಡಿಯ ಪುಸ್ತಕ, ಚರ್ಚಿನವರಾದರೆ ಜ್ಞಾನಸ್ನಾನದ ಪುಸ್ತಕ, ಇವೆಲ್ಲ ಆಗುತ್ತವೆ. ಆಯಾ ಕಾಲದಲ್ಲೇ ಬರೆದ ಕಾಗದಕ್ಕೆ ತೂಕ ಹೆಚ್ಚು. ನಿನ್ನೆ ಮೊನ್ನೆ ಬರೆಸಿದ ಅಫಿಡವಿಟ್ಟಿಗಿಂತ, ಜಂತಿಗೆ ಸಿಕ್ಕಿಸಿಟ್ಟ ಹಳೆಯ ಪಂಚಾಂಗದ ಅಂಚಿನಲ್ಲಿ ತಾತ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಮೇಲು. ಮನೆಯ ಟ್ರಂಕನ್ನು ಒಮ್ಮೆ ಬುಡಮೇಲು ಮಾಡಿ ನೋಡಿ.

ಬರಹವೇ ಇಲ್ಲದ ಮನೆಯಲ್ಲಿ ಬಾಯಿಮಾತಿನಿಂದ ತಾರೀಖನ್ನು ಹಿಡಿಯಬೇಕು. ನಮ್ಮ ಅಜ್ಜಿಯರಿಗೆ ಲೆಕ್ಕ ಬಾರದು ಎಂದುಕೊಳ್ಳಬೇಡಿ. ಅವರ ಲೆಕ್ಕ ಬೇರೆ. "ದೀಪಾವಳಿ ಆಗಿ ಒಂದು ವಾರ ಆಗಿತ್ತು ಕಣಪ್ಪ, ಇಂದಿರಮ್ಮನ್ನ ಹೊಡೆದುಬಿಟ್ರು ಅಂತ ರೇಡಿಯೋದಲ್ಲಿ ಬಂತು, ಅಂಗಡಿ ಎಲ್ಲ ಮುಚ್ಚಿದ್ರು, ಆವತ್ತಿನ ಮಾರನೇ ದಿನ ನೀನು ಹುಟ್ಟಿದ್ದು" ಎಂದು ಒಬ್ಬ ಅಜ್ಜಿ ಹೇಳಿದಳು ಎನ್ನಿ. ಇಂದಿರಾ ಗಾಂಧಿಯವರು ತೀರಿಕೊಂಡದ್ದು 1984ರ ಅಕ್ಟೋಬರ್ 31. ಮಾರನೆಯ ದಿನ ನವೆಂಬರ್ 1. ಇಷ್ಟು ಖಚಿತವಾದ ತಾರೀಖು ಎಷ್ಟೋ ಟಿ.ಸಿ.ಗಳಲ್ಲಿಲ್ಲ! ಸಂವತ್ಸರದ ಹೆಸರು ಹೇಳಿದರೂ ಆದೀತು. ದುರ್ಮತಿ ಎಂದರೆ 1981ರ ಯುಗಾದಿಯಿಂದ 1982ರ ಯುಗಾದಿಯ ವರೆಗೆ, ರಕ್ತಾಕ್ಷಿ ಎಂದರೆ 1984ರಿಂದ 85, ಪ್ರಭವ ಎಂದರೆ 1987ರಿಂದ 88. ಅದರ ಮೇಲೆ ರಾಗಿ ತೆನೆ ಬಿಟ್ಟಿತ್ತೋ, ಕಣದಲ್ಲಿ ಗುಂಡು ಹೊಡೆಯುತ್ತಿದ್ದರೋ, ಮಾವು ಕೀಳುತ್ತಿದ್ದರೋ ಎಂದು ಕೇಳಿದರೆ ತಿಂಗಳು ಗೊತ್ತಾಗುತ್ತದೆ. ಕೆರೆ ಕೋಡಿ ಬಿದ್ದ ವರ್ಷವನ್ನು ಊರಿನ ಹಿರಿಯರು ಮರೆಯುವುದಿಲ್ಲ. ಅದೇ ವಾರ ಹೆತ್ತ ಪಕ್ಕದ ಮನೆಯ ಹೆಂಗಸನ್ನೂ ವಿಚಾರಿಸಿ, ಆ ಮಗುವಿನ ಹುಟ್ಟು ನೋಂದಣಿಯಾಗಿದ್ದರೆ ನಿಮಗೆ ದೊಡ್ಡ ಆಸರೆ.

ಈ ಕೆಲಸಕ್ಕೆ ಕಾಲ ಕಾಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಿಮ್ಮ ಹುಟ್ಟನ್ನು ಕಣ್ಣಾರೆ ಕಂಡವರು ಇಬ್ಬರೋ ಮೂವರೋ. ತಾಯಿ, ಸೂಲಗಿತ್ತಿ, ದೊಡ್ಡಮ್ಮ. ಅವರು ಹೋದರೆ ಆ ಪುಸ್ತಕ ಸುಟ್ಟುಹೋದಂತೆ. ಕಾಗದಪತ್ರದ ಕೆಲಸ ಬರುವ ವರ್ಷ ಮಾಡಿದರೂ ಚಿಂತೆಯಿಲ್ಲ, ಅಜ್ಜಿಯ ಮಾತನ್ನು ಈ ವಾರವೇ ಬರೆದುಕೊಳ್ಳಿ. ಬೂದಿಕೋಟೆಯವರಿಗೆ ಇದು ತಿಳಿಯದ ವಿದ್ಯೆಯಲ್ಲ. 2001ರಿಂದ ಇಲ್ಲಿ ಹಳ್ಳಿಯ ಹೆಂಗಸರೂ ಹುಡುಗರೂ ಯಂತ್ರ ಹಿಡಿದು ಊರಿನವರ ಮಾತು ಹಿಡಿದಿಟ್ಟು, 2003ರಲ್ಲಿ ಕೇಬಲ್ ತಂತಿಯ ಮೂಲಕ "ನಮ್ಮ ಧ್ವನಿ" ಎಂದು ಮನೆಮನೆಗೆ ಕೇಳಿಸಿದರು. ಆಕಾಶಕ್ಕೆ ಬಿಡಲು ಆಗ ಸಂಘಸಂಸ್ಥೆಗಳಿಗೆ ಲೈಸೆನ್ಸು ಸಿಕ್ಕುತ್ತಿರಲಿಲ್ಲ, ಆದುದರಿಂದ ತಂತಿಯ ಉಪಾಯ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಮೊಬೈಲು ಇದೆ. ಸಿನಿಮಾ ಹಾಡಿನ ಜೊತೆಗೆ ಅಜ್ಜಿಯ ಮಾತಿಗೂ ಅದರಲ್ಲಿ ಸ್ವಲ್ಪ ಜಾಗ ಮಾಡಿ.

ಅರ್ಜಿ ಕೊಡುವ ಮುಂಚೆ ಮನೆಯವರೆಲ್ಲರ ತಾರೀಖನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿ. ಅಣ್ಣನದು 1985ರ ಜೂನ್ 1, ತಂಗಿಯದು 1985ರ ನವೆಂಬರ್ 10 ಎಂದಿದ್ದರೆ, ಐದು ತಿಂಗಳಲ್ಲಿ ಎರಡು ಹೆರಿಗೆ ಹೇಗಾಯಿತು ಎಂದು ಸಾಹೇಬರು ಕೇಳದೆ ಬಿಡುವುದಿಲ್ಲ. ತಾಯಿಗಿಂತ ಮಗ ಹನ್ನೊಂದೇ ವರ್ಷ ಚಿಕ್ಕವನು ಎಂದು ತೋರಿಸುವ ರೇಷನ್ ಕಾರ್ಡುಗಳೂ ಉಂಟು. ಇವನ್ನು ಮೊದಲೇ ಕಂಡುಕೊಂಡು ಯಾವುದು ಸರಿ, ಯಾವುದು ತಪ್ಪು ಎಂದು ಹೇಳಲು ಸಿದ್ಧವಾಗಿರಬೇಕು.

ಎಸ್.ಎಸ್.ಎಲ್.ಸಿ. ಪಾಸಾದವರಿಗೆ ಒಂದು ಎಚ್ಚರಿಕೆ. ಅಂಕಪಟ್ಟಿಯಲ್ಲಿ ಜೂನ್ ಒಂದು ಇದ್ದು, ಈಗ ನೀವು ನಿಜವಾದ ತಾರೀಖಿಗೆ ಬೇರೆ ಪ್ರಮಾಣಪತ್ರ ಮಾಡಿಸಿದರೆ, ಇದ್ದ ಒಂದು ಗಂಟಿಗೆ ಎರಡು ಗಂಟಾಗುತ್ತದೆ. ಕೈಯಲ್ಲಿ ಎರಡು ಸರ್ಕಾರಿ ಕಾಗದ, ಎರಡು ವಯಸ್ಸು! ಅಂಥವರು ಅಂಕಪಟ್ಟಿಯ ತಾರೀಖನ್ನು ತಿದ್ದಿಸುವ ದಾರಿಯನ್ನೂ ಜೊತೆಯಲ್ಲೇ ವಿಚಾರಿಸಬೇಕು. ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಸೇವಾಪುಸ್ತಕದ ತಾರೀಖು ಬದಲಾಯಿಸಲು 1974ರ ರಾಜ್ಯದ ಕಾಯಿದೆಯಲ್ಲಿ ಮೂರು ವರ್ಷದ ಗಡುವಿದೆ. ನಿವೃತ್ತಿಗೆ ಆರು ತಿಂಗಳಿರುವಾಗ "ನಾನು ಎರಡು ವರ್ಷ ಚಿಕ್ಕವನು" ಎಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು ಎಂದೇ ನನ್ನ ಅಭಿಪ್ರಾಯ. ಪಿಂಚಣಿ ಬೇಗ ಬರಲೆಂದು ಐದು ವರ್ಷ ಏರಿಸುವುದು, ಕೆಲಸ ಉಳಿಯಲೆಂದು ಐದು ವರ್ಷ ಇಳಿಸುವುದು, ಇವಕ್ಕೆ ನೋಂದಣಿ ಎಂಬ ಹೆಸರಿಲ್ಲ. ಸುಳ್ಳು ಮಾಹಿತಿ ಕೊಟ್ಟರೆ ದಂಡವೂ ಉಂಟು. ಅದಕ್ಕಿಂತ ಕೆಟ್ಟದ್ದು ಹೆಣ್ಣುಮಕ್ಕಳ ವಯಸ್ಸಿನಲ್ಲಿ ಆಟವಾಡುವುದು. ಹದಿನಾರರ ಹುಡುಗಿಗೆ ಹದಿನೆಂಟು ಬರೆಸಿ ಹಸೆಗೆ ಕೂರಿಸಲು ಸಾಧ್ಯವಾಗುವುದು ಅವಳ ಹುಟ್ಟು ಎಲ್ಲಿಯೂ ಬರೆದಿಲ್ಲದೆ ಇರುವುದರಿಂದಲೇ.

ಬ್ರೋಕರು ಒಂದೇ ದಿನದಲ್ಲಿ ತಂದುಕೊಡುವ ಕಾಗದ ಗೋಡೆಗೆ ಅಂಟಿಸಲು ಚೆನ್ನಾಗಿರುತ್ತದೆ. ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲದ ಮೇಲೆ ಸರ್ಟಿಫಿಕೇಟು ಎಲ್ಲಿಂದ ಬಂತು? ಪರಿಶೀಲನೆಗೆ ಹೋದಾಗ ಸಿಕ್ಕಿಬೀಳುವವರು ನೀವು, ಅವನಲ್ಲ.

ಇನ್ನು ಮನೆಯಲ್ಲಿ ಹೊಸದಾಗಿ ಹುಟ್ಟುವ ಮಕ್ಕಳ ಮಾತು ಚಿಕ್ಕದು. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, 30 ದಿನದೊಳಗಾದರೆ ತಡದ ಶುಲ್ಕ, ಒಂದು ವರ್ಷದೊಳಗಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ, ಆಮೇಲೆ ಮೇಲೆ ಹೇಳಿದ ತಿರುಗಾಟವೆಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಬಿಡುಗಡೆಯ ದಿನವೇ, ಮನೆಗೆ ಆಟೋ ಕರೆಯುವ ಮುಂಚೆ, ತಂದೆತಾಯಿಯ ಹೆಸರನ್ನು ಆಧಾರದಲ್ಲಿರುವಂತೆಯೇ ಬರೆದಿದ್ದಾರೆಯೇ ಎಂದು ಒಮ್ಮೆ ಓದಿ ನೋಡಿ. ಓದು ಬಾರದಿದ್ದರೆ ನರ್ಸಮ್ಮನವರಿಂದ ಗಟ್ಟಿಯಾಗಿ ಓದಿಸಿ ಕೇಳಿ. ಹೆಸರಿಡಲು ಮುಹೂರ್ತ ಇನ್ನೂ ಬಂದಿಲ್ಲ ಎಂದು ನೋಂದಣಿ ನಿಲ್ಲಿಸಬೇಡಿ, ಹೆಸರನ್ನು ಆಮೇಲೆ ಸೇರಿಸಬಹುದು.

ಬಂಗಾರಪೇಟೆಗೆ ಹೋಗುವ ದಿನ ಕೆಲಸ ಬಿಟ್ಟು ಒಬ್ಬೊಬ್ಬರೇ ಹೋಗುವುದಕ್ಕಿಂತ ನಾಲ್ಕೈದು ಮಂದಿ ಕೂಡಿ ಹೋಗಿ, ಒಬ್ಬರಾದರೂ ಬರೆಯಬಲ್ಲವರಿರಲಿ. ಕಾಗದಗಳ ಮೂಲಪ್ರತಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ, ನಕಲು ಕೊಡಿ, ಮೂಲವನ್ನು ತೋರಿಸಿ ವಾಪಸು ತನ್ನಿ. ಅರ್ಜಿಯ ನಂಬರು, ಕೊಟ್ಟ ತಾರೀಖು ಇವೆರಡನ್ನು ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡಿ. ಮುಂದಿನ ಸಲ ಹೋದಾಗ ಕಚೇರಿಯಲ್ಲಿ ಮೊದಲು ಕೇಳುವುದೇ ಅದನ್ನು.